ಪೈಪಿನ ಹಿಂದೆ ನಿಂತವರು

ವಾಲ್ಪರೈಸೊ
19 ಜನವರಿ 1994

ಪ್ರೀತಿಯ ಅಪ್ಪ,

ನೀನು ರೇಡಿಯೊದಲ್ಲಿ ಕೇಳಿ ಗಾಬರಿಯಾಗಿರುತ್ತೀಯ ಅಂತ ಮೊದಲು ಇದನ್ನೇ ಬರೆಯುತ್ತಿದ್ದೇನೆ: ನಾನು ಚೆನ್ನಾಗಿದ್ದೇನೆ. ಅಗ್ನಿಶಾಮಕ ದಳದ ಎಲ್ಲರೂ ಚೆನ್ನಾಗಿದ್ದಾರೆ.

ಶನಿವಾರ ಊಟದ ಹೊತ್ತು. ಕೊರಕಲಿನ ತಳದಲ್ಲಿ ಕಸಕ್ಕೆ ಬಿದ್ದ ಬೆಂಕಿ ನೀಲಗಿರಿ ಮರಗಳಿಗೆ ಹತ್ತಿತು. ದಕ್ಷಿಣದ ಗಾಳಿ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಜನ ಗುಡ್ಡದ ಮೆಟ್ಟಿಲು ಹತ್ತಿಕೊಂಡು ಮನೆಗೆ ಬರುವ ಹಾಗೇ ಬೆಂಕಿ ಬಂತು. ಸೈರನ್ ಕೂಗಿದಾಗ ನಾನು ಅಂಗಡಿಯಲ್ಲಿ ಒಬ್ಬಳಿಗೆ ರಿಬ್ಬನ್ ಅಳೆಯುತ್ತಿದ್ದೆ. ಕತ್ತರಿ ಅಲ್ಲೇ ಇಟ್ಟು ಓಡಿದೆ. ನಮ್ಮ ಯಜಮಾನಿ ಬೆರ್ತಮ್ಮನ ಮುಖ ನೋಡಲು ಪುರುಸೊತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ಬೇಕರಿಯ ಬೇತೊ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಗಾಡಿ ಹತ್ತಿದ.

ಹಲವು ಮನೆಗಳು ಹೋದವು. ನೀಲಿ ಗೇಟಿನ ಮನೆಯ ಕ್ಲೊರಿಂದಾ ಅಜ್ಜಿ ನಿನಗೆ ನೆನಪಿರಬೇಕು, ಅಮ್ಮನಿಗೆ ಹೂವಿನ ಗಿಡ ಕೊಡುತ್ತಿದ್ದರಲ್ಲ, ಅವರು ಒಳಗೆ ಸಿಕ್ಕಿಕೊಂಡಿದ್ದರು. ಬೇತೊ ಒಳಗೆ ಹೋಗಿ ಎತ್ತಿಕೊಂಡು ಬಂದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟರು.

ಸಂಜೆ ಪೈಪುಗಳನ್ನು ತೊಳೆದು ಒಣಗಲು ನೇತುಹಾಕಿದೆವು. ಕ್ಯಾಪ್ಟನ್ ರೈಮುಂದೊ ಎಲ್ಲರ ಕೈ ಕುಲುಕಿ, ಒಳ್ಳೆ ಕೆಲಸ ಮಾಡಿದ್ರಿ, ಮನೆಗೆ ಹೋಗಿ ಅಂದರು. ಹೋದೆವು. ಸೋಮವಾರದಿಂದ ಎಂದಿನಂತೆ ಅಂಗಡಿಗೆ ಹೋಗುತ್ತಿದ್ದೇನೆ.

ಎದೆಲ್ಮಿರಾ ಅತ್ತೆಗೆ ನನ್ನ ನೆನಪು ಹೇಳು.

ನಿನ್ನ
ಮಾರಿತ್ಸಾ

*

ಅಚಾವೊ, ಚಿಲೊಯೆ ದ್ವೀಪ
11 ಫೆಬ್ರವರಿ

ಮಗಳೇ,

ಕಾಗದ ತಲುಪಿತು. ಕ್ಲೊರಿಂದಾ ಸುದ್ದಿ ಓದಿ ಬೇಜಾರಾಯಿತು. ನಿನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅವಳು ದಿನವೂ ಬಂದು ಹೋಗುತ್ತಿದ್ದಳು. ಕೈಯಲ್ಲಿ ಒಂದು ಹಣ್ಣು ಇರುತ್ತಿತ್ತು, ಬಾಯಲ್ಲಿ ಊರಿನ ಸುದ್ದಿಯೆಲ್ಲ ಇರುತ್ತಿತ್ತು.

ಇಲ್ಲಿ ಆಲೂಗಡ್ಡೆ ಚೆನ್ನಾಗಿ ಬಂದಿದೆ. ನಿನ್ನ ಅತ್ತೆ ಪಕ್ಕದ ಮನೆಯವರ ಹಂದಿಯ ಮೇಲೆ ಜಗಳ ಹೂಡಿದ್ದಾಳೆ. ಹಂದಿಯೇ ಗೆಲ್ಲುತ್ತಿದೆ.

ಒಂದು ಮಾತು ಕೇಳುತ್ತೇನೆ. ಮೂವತ್ತು ವರ್ಷ ಆ ದಳದಲ್ಲಿದ್ದವನು ನಾನು. ಪೈಪಿಗೆ ಇಬ್ಬರು ಇರುತ್ತಾರೆ. ಒಬ್ಬರು ಮೂತಿ ಹಿಡಿಯುತ್ತಾರೆ, ಇನ್ನೊಬ್ಬರು ಹಿಂದೆ ನಿಂತು ಅವರ ಬೆನ್ನಿಗೆ ಭುಜ ಕೊಡುತ್ತಾರೆ. ಮುಂದಿನವರು ಒಳಗೆ ಹೋದರೆ ಹಿಂದಿನವರೂ ಹೋಗಬೇಕು. ಬೇತೊನ ಹಿಂದೆ ಯಾರಿದ್ದರು ಅಂತ ನೀನು ಬರೆದಿಲ್ಲ.

ನಿದ್ದೆ ಬರುತ್ತಿದೆಯಾ?

ಅತ್ತೆ ನಿನಗೆ ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ. ಬೇಸಿಗೆಯಲ್ಲಿ ಯಾಕೆ ಅಂದೆ. ಚಳಿಗಾಲ ಬಂದೇ ಬರುತ್ತದಲ್ಲ ಅಂದಳು.

ಅಪ್ಪ

*

ವಾಲ್ಪರೈಸೊ
20 ಮಾರ್ಚ್

ಪ್ರೀತಿಯ ಅಪ್ಪ,

ಕಾಲುಚೀಲ ಬಂತು. ಬೆಚ್ಚಗಿದೆ. ಬರೆಯಲು ತಡವಾಯಿತು. ಶಾಲೆ ಶುರುವಾಗುವ ಕಾಲ, ಸಮವಸ್ತ್ರದ ಗುಂಡಿಗಳಿಗೆ ಅಂಗಡಿಯಲ್ಲಿ ನೂಕುನುಗ್ಗಲು.

ಬೇತೊನ ವಿಷಯ ನಿನ್ನ ಹತ್ತಿರ ಹೇಳಬೇಕು. ಆ ಬೆಂಕಿಯ ನಂತರ ಅವನು ದಳದ ಕಡೆ ಬಂದಿಲ್ಲ. ಭಾನುವಾರದ ಕವಾಯತಿಗೂ ಇಲ್ಲ, ಸೈರನ್ ಕೂಗಿದಾಗಲೂ ಇಲ್ಲ. ಮೊದಮೊದಲು ಜ್ವರ ಅಂದುಕೊಂಡೆವು. ಆಮೇಲೆ ಬೇಕರಿಯ ಬಾಗಿಲೂ ಮುಚ್ಚಿತು. ಅವನ ಹೆಂಡತಿ ನಾನ್ಸಿ ಬೇರೆ ಕಡೆಯಿಂದ ಬ್ರೆಡ್ ತಂದು ಕಿಟಕಿಯಲ್ಲಿ ಮಾರುತ್ತಿದ್ದಾಳೆ. ದಾರಿಯಲ್ಲಿ ಸಿಕ್ಕಾಗ ಅವಳು ಹೇಳಿದ್ದಿಷ್ಟು: ಅವನು ಒಲೆಯ ಬಾಯಿ ತೆರೆಯುತ್ತಾನಂತೆ, ಕೆಂಡ ನೋಡುತ್ತಾನಂತೆ, ಮತ್ತೆ ಮುಚ್ಚುತ್ತಾನಂತೆ. ಇಪ್ಪತ್ತು ವರ್ಷ ಆ ಒಲೆಯ ಮುಂದೆ ನಿಂತ ಮನುಷ್ಯ.

ಮೊನ್ನೆ ದಳದ ಸಭೆಯಲ್ಲಿ ಅವನ ಹೆಸರು ತೆಗೆಯುವ ಮಾತು ಬಂತು. ಹೇಳದೆ ಕೇಳದೆ ಬಾರದವರ ಹೆಸರು ತೆಗೆಯಬೇಕೆಂಬ ನಿಯಮ ನಿನಗೇ ಗೊತ್ತು. ಗಾಡಿ ಓಡಿಸುವ ವಾಲ್ದೊ, ಬೆಂಕಿ ಕಂಡರೆ ಭಯವಾದರೆ ಅವನು ಹೂವಿನ ಅಂಗಡಿ ಇಡಲಿ ಅಂದ. ಒಂದಿಬ್ಬರು ನಕ್ಕರು.

"ನಿನಗೆ ಭಯ ಆಗಲ್ವಾ?" ಅಂತ ಕೇಳಿದೆ.

"ಆಗುತ್ತೆ. ಆದ್ರೂ ಬರ್ತೀನಲ್ಲ," ಅಂದ.

ಆಗ ಕ್ಯಾಪ್ಟನ್ ಎದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ ಅಪ್ಪ, ಅವರು ಹೇಳಿದ್ದು ಸುಳ್ಳಲ್ಲ. "ಇಲ್ಲಿ ಯಾರೂ ಸಂಬಳಕ್ಕೆ ಬಂದಿಲ್ಲ. ಬರೋದೂ ನಿಮ್ಮಿಷ್ಟ, ಬಿಡೋದೂ ನಿಮ್ಮಿಷ್ಟ. ಆದ್ರೆ ಇದ್ದೀನಿ ಅಂತ ಹೆಸರು ಕೊಟ್ಟು ಇಲ್ಲದೆ ಹೋದ್ರೆ, ಅವನನ್ನ ನಂಬಿ ಒಳಗೆ ಹೋದವನು ಹೊರಗೆ ಬರಲ್ಲ."

ನಾನು ದಳದ ಮೊದಲ ಹೆಂಗಸು. ನಾನು ಮಾತಾಡಿದರೆ ಮೆತ್ತನೆಯ ಮನಸ್ಸು ಅನ್ನುತ್ತಾರೆ. ಆದರೂ ಮಾತಾಡಿದೆ. ನಿರ್ಧಾರ ಮೇ ತಿಂಗಳಿಗೆ ಹೋಯಿತು, ಅಷ್ಟೇ ನನ್ನ ಕೈಯಲ್ಲಾದದ್ದು.

ನಿನ್ನ ಕಾಲದಲ್ಲೂ ಇಂಥದ್ದು ಆಗಿರಬೇಕು. ನೀವು ಏನು ಮಾಡುತ್ತಿದ್ದಿರಿ?

ನಿನ್ನ
ಮಾರಿತ್ಸಾ

*

ಅಚಾವೊ
9 ಏಪ್ರಿಲ್

ಮಗಳೇ,

ನಾವು ಏನೂ ಮಾಡುತ್ತಿರಲಿಲ್ಲ. ಇಸ್ಪೀಟು ಆಡುತ್ತಿದ್ದೆವು, ಒಂದಿಷ್ಟು ದ್ರಾಕ್ಷಾರಸ ಕುಡಿಯುತ್ತಿದ್ದೆವು, ಹಳೆಯ ತಮಾಷೆಗಳನ್ನೇ ಮತ್ತೆ ಹೇಳಿ ನಗುತ್ತಿದ್ದೆವು. ಯಾರಾದರೂ ಸುಮ್ಮನಿದ್ದರೆ ಅವನ ಲೋಟ ತುಂಬಿಸುತ್ತಿದ್ದೆವು. ಅದಕ್ಕಿಂತ ಹೆಚ್ಚು ನಮಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿರುವುದು ನಿನ್ನ ಅಮ್ಮ ಮಾಡಿದ್ದು. ನೀನು ಚಿಕ್ಕವಳಿದ್ದಾಗ ಬಂದರಿನ ಗೋದಾಮಿಗೆ ಬೆಂಕಿ ಬಿತ್ತು. ಅಲ್ಲಿಂದ ಬಂದಮೇಲೆ ಸುಟ್ಟ ಮಾಂಸದ ವಾಸನೆ ನನಗೆ ಆಗುತ್ತಿರಲಿಲ್ಲ. ಯಾರ ಹತ್ತಿರವೂ ಹೇಳಲಿಲ್ಲ. ಮರಗೆಲಸಕ್ಕೂ ಹೋಗದೆ ಹಿತ್ತಿಲಲ್ಲಿ ಕೂತಿರುತ್ತಿದ್ದೆ. ಅಮ್ಮ ಏನಾಯಿತು ಅಂತ ಕೇಳಲಿಲ್ಲ. ಒಂದು ಬುಟ್ಟಿ ಹುರುಳಿಕಾಯಿ ತಂದು ನನ್ನ ಮುಂದಿಟ್ಟು, ಎದುರಿಗೆ ತಾನೊಂದು ಕುರ್ಚಿ ಹಾಕಿಕೊಂಡು ಬಿಡಿಸುತ್ತಾ ಕೂತಳು. ನಾನೂ ಬಿಡಿಸಿದೆ. ಮರುದಿನ ಬಟಾಣಿ. ಅದರ ಮರುದಿನ ಮತ್ತೆ ಹುರುಳಿಕಾಯಿ. ಆ ಬೇಸಿಗೆಯೆಲ್ಲ ನಾವು ಅದನ್ನೇ ತಿಂದದ್ದು ನಿನಗೆ ನೆನಪಿಲ್ಲ. ಕೈಗೆ ಕೆಲಸವಿದ್ದಾಗ, ಎದುರಿಗಿರುವವರು ನನ್ನ ಮುಖ ನೋಡದೆ ಇದ್ದಾಗ, ಒಂದು ದಿನ ಮಾತು ತಾನಾಗಿ ಬಂತು.

ಬೇತೊನ ಮನೆಗೆ ಹೋಗು. ದಳಕ್ಕೆ ವಾಪಸ್ ಬಾ ಅಂತ ಕರೆಯಬೇಡ. ಹೇಗಿದ್ದೀಯ ಅಂತಲೂ ಕೇಳಬೇಡ, ಚೆನ್ನಾಗಿದ್ದೀನಿ ಅನ್ನುತ್ತಾನೆ. ಕೈಗೆ ಏನಾದರೂ ಕೊಡು.

ಸೇಬು ಬಿಡಿಸುವ ಕಾಲ. ಅತ್ತೆ ನನ್ನನ್ನು ಮರ ಹತ್ತಲು ಬಿಡುತ್ತಿಲ್ಲ.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ.

ಅಪ್ಪ

*

ವಾಲ್ಪರೈಸೊ
29 ಮೇ

ಪ್ರೀತಿಯ ಅಪ್ಪ,

ಒಳ್ಳೆಯ ಸುದ್ದಿ ಇದೆ, ಅದಕ್ಕೇ ಉದ್ದದ ಕಾಗದ.

ಹುರುಳಿಕಾಯಿಯ ಕಾಲವಲ್ಲವಲ್ಲ, ಅಂಗಡಿಯಿಂದ ಬಿಡಿ ಗುಂಡಿಗಳ ಪೆಟ್ಟಿಗೆ ಹೊತ್ತುಕೊಂಡು ಹೋದೆ. ವರ್ಷಗಳಿಂದ ಎಲ್ಲ ಬಣ್ಣ, ಎಲ್ಲ ಅಳತೆ ಕಲಸಿಹೋಗಿದ್ದ ಪೆಟ್ಟಿಗೆ. ಬೆರ್ತಮ್ಮ ಬೇರೆ ಮಾಡಿಕೊಡು ಅಂದಿದ್ದಾರೆ, ನನಗೆ ಪುರುಸೊತ್ತಿಲ್ಲ, ಸ್ವಲ್ಪ ಸಹಾಯ ಮಾಡಿ ಅಂದೆ. ನಾನ್ಸಿ ಮೇಜಿನ ಮೇಲೆ ಬಟ್ಟೆ ಹಾಸಿದಳು. ಬೇತೊ ಮೂಲೆಯಲ್ಲಿ ಕೂತು ನೋಡುತ್ತಿದ್ದ. ಅವಳು ಬೂದು ಬಣ್ಣದ್ದನ್ನು ಹಸಿರಿನ ಜೊತೆ ಹಾಕಿದ್ದು ಕಂಡು ತಡೆಯಲಾರದೆ ಎದ್ದು ಬಂದ.

ಸಂಜೆ ಚಹಾದ ಹೊತ್ತಿಗೆ ಹೋಗುವುದು ವಾಡಿಕೆಯಾಯಿತು. ಹವಾಮಾನ, ಫುಟ್‌ಬಾಲು, ನಾನ್ಸಿಯ ತಂಗಿಯ ಮದುವೆ, ಇಷ್ಟೇ ಮಾತು. ಒಂದು ದಿನ ಹೊರಗೆ ಮಳೆ. ಬೇತೊ ಗುಂಡಿಗಳಿಂದ ಕಣ್ಣೆತ್ತದೆ ಹೇಳಿದ:

"ಅಜ್ಜಿ ನನ್ನ ಗುರುತು ಹಿಡಿದ್ರು. ಹೊಗೆಯೊಳಗೆ ಎತ್ತಿಕೊಂಡಾಗ, 'ಬೇತೊ, ಇವತ್ತು ಬೇಗ ಬಂದೆಯಲ್ಲ' ಅಂದ್ರು. ಬ್ರೆಡ್ ತಂದಿದ್ದೀನಿ ಅಂದ್ಕೊಂಡ್ರು."

ನಾನ್ಸಿಗೂ ಅವನು ಇದನ್ನು ಹೇಳಿರಲಿಲ್ಲ. ಅವಳು ಎದ್ದು ಹೋಗಿ ಅವನ ಹಿಂದೆ ನಿಂತು ತಲೆಯ ಮೇಲೆ ಕೈಯಿಟ್ಟಳು. ಅವನು ಅತ್ತ. ತುಂಬ ಹೊತ್ತು ಅತ್ತ. ನಾನು ಗುಂಡಿ ಆರಿಸುತ್ತಲೇ ಇದ್ದೆ.

ಮರುದಿನ ಅವನ ಒಪ್ಪಿಗೆ ಪಡೆದು ಕ್ಯಾಪ್ಟನ್‌ರ ಮನೆಗೆ ಹೋಗಿ ಹೇಳಿದೆ. ಅವರು ಕೇಳಿಸಿಕೊಂಡು, ಎಲ್ಲರೂ ಗುಂಡಿ ಆರಿಸುತ್ತಾ ಕೂತರೆ ಗಾಡಿ ಹತ್ತುವವರು ಯಾರು ಅಂತ ಗೊಣಗಿದರು. ನಾನು ಎದ್ದು ಹೊರಟೆ. ಆ ಭಾನುವಾರ ಬೇತೊನ ಬಾಗಿಲು ತಟ್ಟಿದವರು ಯಾರು ಗೊತ್ತಾ? ಕ್ಯಾಪ್ಟನ್ ರೈಮುಂದೊ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು. ಕೂತು ಆರಿಸಿದರು. ಕಪ್ಪು ಯಾವುದು ಕಡುನೀಲಿ ಯಾವುದು ಅಂತ ಅವರಿಗೆ ತಿಳಿಯುವುದೇ ಇಲ್ಲ. ಅವರು ಹೋದಮೇಲೆ ಬೇತೊ ಎಲ್ಲವನ್ನೂ ಮತ್ತೆ ಆರಿಸಬೇಕಾಯಿತು. ಬೆಂಕಿಯ ನಂತರ ಅವನು ನಕ್ಕದ್ದನ್ನು ನಾನು ಆವತ್ತೇ ನೋಡಿದ್ದು.

ಸಭೆಯಲ್ಲಿ ಕ್ಯಾಪ್ಟನ್ ತಾವೇ ಎದ್ದು, ಬೇತೊ ರಜೆಯಲ್ಲಿದ್ದಾನೆ, ಎಷ್ಟು ದಿನ ಅಂತ ಯಾರೂ ಕೇಳಬೇಡಿ ಅಂದರು. ವಾಲ್ದೊ ಕೂಡ ಒಪ್ಪಿಗೆಯೆಂದು ಕೈ ಎತ್ತಿದ. ಇನ್ನೊಂದು ನಿರ್ಧಾರವೂ ಆಯಿತು. ಕೆಟ್ಟ ಬೆಂಕಿಯಿಂದ ಬಂದಮೇಲೆ ಯಾರೂ ನೇರ ಮನೆಗೆ ಹೋಗುವ ಹಾಗಿಲ್ಲ. ದಳದ ಮನೆಯಲ್ಲೇ ಕೂತು ಬಿಸಿ ಸಾರು ಕುಡಿಯಬೇಕು, ಮಾತಾಡುವವರು ಮಾತಾಡಬೇಕು. ಮರುದಿನ ಇಬ್ಬಿಬ್ಬರು ಜೊತೆಯಾಗಿ ಉಳಿದವರ ಮನೆಗೆ ಹೋಗಿ ಬರಬೇಕು. ಆ ಜೋಡಿಗಳನ್ನು ಹೊಂದಿಸುವ ಕೆಲಸ ನನ್ನ ಮೇಲೆ ಬಿತ್ತು. ಸಾರು ಮಾಡುವವರು ಸಿಗುವ ತನಕ ಅದೂ ನನ್ನದೇ.

ನಿನ್ನ
ಮಾರಿತ್ಸಾ

*

ಅಚಾವೊ
18 ಜೂನ್

ಮಗಳೇ,

ನಿನ್ನ ಕಾಗದವನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಕಡುನೀಲಿಯ ವಿಷಯಕ್ಕೆ ನಕ್ಕಳು. ನಿಮ್ಮಮ್ಮ ಇದ್ದಿದ್ದರೆ ನಿನ್ನನ್ನು ನೋಡಿ ಹೆಮ್ಮೆಪಡುತ್ತಿದ್ದಳು. ನನಗೂ ಹೆಮ್ಮೆಯಾಗಿದೆ.

ಆದರೆ ನಿನ್ನ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಕೂತೆ. ಬೇತೊನ ದುಃಖ ಇದೆ, ನಾನ್ಸಿಯ ಕಷ್ಟ ಇದೆ, ರೈಮುಂದೊನ ಕೋಟು ಕೂಡ ಇದೆ. ನೀನು ಎಲ್ಲೂ ಇಲ್ಲ. ಅಂಗಡಿ ಮುಗಿಸಿ ಬೇತೊನ ಮನೆ, ಅಲ್ಲಿಂದ ದಳ, ಈಗ ಜೋಡಿ ಹೊಂದಿಸುವುದು, ಸಾರು. ನಿನ್ನ ಮನೆಗೆ ಬರುವ ಜೋಡಿ ಯಾವುದು?

ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ. ಬೇತೊನ ಹಿಂದೆ ಯಾರಿದ್ದರು?

ಅಪ್ಪ

*

ವಾಲ್ಪರೈಸೊ
24 ಜುಲೈ

ಗೌರವಾನ್ವಿತ ದೊನ್ ಎಲಿಯೊದೊರೊ ಅವರಿಗೆ,

ನಾನು ಬೇಕರಿಯ ಬೇತೊ. ನಿಮ್ಮ ಕಡೆಯ ವರ್ಷ ದಳಕ್ಕೆ ಸೇರಿದವನು, ನೀವೇ ನನಗೆ ಗಂಟು ಹಾಕುವುದು ಕಲಿಸಿದ್ದು. ನಾನು ಬರೆಯುತ್ತಿರುವುದು ನಿಮ್ಮ ಮಗಳು ಮಾರಿತ್ಸಾಗೆ ಗೊತ್ತಿಲ್ಲ. ನೀವು ಕೇಳುತ್ತಲೇ ಇದ್ದೀರಿ, ಅವಳು ಉತ್ತರ ಬರೆಯುತ್ತಿಲ್ಲ ಅಂತ ನಾನ್ಸಿಯ ಹತ್ತಿರ ಒಮ್ಮೆ ಬಾಯಿ ತಪ್ಪಿ ಹೇಳಿದಳಂತೆ. ಅದಕ್ಕೇ ಧೈರ್ಯ ಮಾಡಿದೆ.

ನನ್ನ ಹಿಂದೆ ಇದ್ದದ್ದು ಅವಳೇ. ಪೈಪು ಬಿಟ್ಟು ನಾನು ಅಜ್ಜಿಯನ್ನು ಎತ್ತಿದಾಗ ಕಾಲಿನ ಕಡೆ ಹಿಡಿದವಳೂ ಅವಳೇ. ಅಜ್ಜಿ ನನಗೆ ಹೇಳಿದ ಮಾತು ಅವಳಿಗೂ ಕೇಳಿತ್ತು. ನಾನು ಮನೆಯಲ್ಲಿ ಬಿದ್ದುಕೊಂಡೆ, ಅವಳು ಒಂದು ದಿನವೂ ತಪ್ಪದೆ ಓಡುತ್ತಲೇ ಇದ್ದಾಳೆ. ನಾನು ಅವಳ ಮುಂದೆ ಅತ್ತಾಗ ಅವಳು ಗುಂಡಿ ಆರಿಸುತ್ತಿದ್ದಳು. ಗಟ್ಟಿ ಹೆಂಗಸು ಅಂದುಕೊಂಡೆ. ಈಗ ಹಾಗೆ ಅನ್ನಿಸುತ್ತಿಲ್ಲ.

ಕಳೆದ ವಾರ ಒಂದು ಸಣ್ಣ ಬೆಂಕಿ, ಯಾರಿಗೂ ಏನೂ ಆಗಲಿಲ್ಲ. ವಾಪಸ್ ಬಂದು ಎಲ್ಲರಿಗೂ ಸಾರು ಬಡಿಸಿದಳಂತೆ. ಎಲ್ಲರೂ ಹೋದಮೇಲೆ ಪಾತ್ರೆ ಎತ್ತಿಡಲು ಬಂದ ವಾಲ್ದೊ ನೋಡಿದರೆ ಇವಳು ಮೆಟ್ಟಿಲ ಮೇಲೆ ಕೂತಿದ್ದಾಳೆ, ತಲೆಯ ಮೇಲೆ ಇನ್ನೂ ಹೆಲ್ಮೆಟ್. ಪಟ್ಟಿ ಬಿಚ್ಚಲು ಬೆರಳು ಆಡುತ್ತಿರಲಿಲ್ಲವಂತೆ. ವಾಲ್ದೊನೇ ಬಿಚ್ಚಿದ. ಮನೆಯವರೆಗೆ ಬಿಟ್ಟುಬಂದು ನನ್ನ ಬಾಗಿಲು ತಟ್ಟಿ, "ಲೋ, ಅವಳು ತುಂಬಾ ಸೋತಿದ್ದಾಳೆ ಕಣೋ, ನಮಗೆ ಗೊತ್ತೇ ಆಗಿಲ್ಲ," ಅಂದ. ಹೂವಿನ ಅಂಗಡಿಯ ಮಾತಾಡಿದವನು ಅವನೇ. ಆವತ್ತು ನನ್ನ ಅಡುಗೆಮನೆಯಲ್ಲಿ ಕೂತು ಅದಕ್ಕೂ ಕ್ಷಮೆ ಕೇಳಿದ.

ನಾನ್ಸಿ ಹೋಗಿ ಮಾತಾಡಿಸಿದಳು. ಚೆನ್ನಾಗಿದ್ದೀನಿ ಅಂದಳಂತೆ. ಕ್ಯಾಪ್ಟನ್ ಕೇಳಿದಾಗಲೂ ಅದೇ.

ನಾವು ಏನು ಮಾಡಬೇಕು ಹೇಳಿ. ನಾನು ಈ ತಿಂಗಳು ಒಲೆ ಹಚ್ಚಿದ್ದೇನೆ. ನಾನ್ಸಿ ಪಕ್ಕದಲ್ಲಿ ನಿಲ್ಲುತ್ತಾಳೆ. ಬ್ರೆಡ್ ಸ್ವಲ್ಪ ಸೀದುಹೋಗುತ್ತಿದೆ, ಜನ ಸುಮ್ಮನೆ ಕೊಳ್ಳುತ್ತಿದ್ದಾರೆ.

ನಿಮ್ಮ
ಬೇತೊ

*

ಅಚಾವೊ
6 ಆಗಸ್ಟ್

ಮಗಳೇ,

ಇಲ್ಲಿಗೆ ಬಾ.

ಅಪ್ಪನಿಗೆ ಹುಷಾರಿಲ್ಲ ಅಂತ ಬರಿ, ಓಡಿ ಬರುತ್ತಾಳೆ ಅಂದಳು ಅತ್ತೆ. ಬೇಡ ಅಂದೆ. ನಾನು ಗಟ್ಟಿಯಾಗಿದ್ದೇನೆ. ಅತ್ತೆಯೂ ಗಟ್ಟಿಯಾಗಿದ್ದಾಳೆ. ಮಾಡು ಸೋರುತ್ತಿಲ್ಲ. ಬೇಲಿ ನೆಟ್ಟಗಿದೆ. ಇಲ್ಲಿ ನಿನ್ನ ಕೈಯಿಂದ ಆಗಬೇಕಾದ ಕೆಲಸ ಒಂದೂ ಇಲ್ಲ. ಯಾರಿಗಾದರೂ ಬೇಕು ಅಂದರೆ ಮಾತ್ರ ಹೊರಡುವವಳು ನೀನು, ನನಗೆ ಗೊತ್ತು. ಯಾರಿಗೂ ಬೇಕಾಗಿಲ್ಲದ ಕಡೆಗೆ ಒಂದು ಸಲ ಬಾ.

ರೈಮುಂದೊಗೂ ಬರೆದಿದ್ದೇನೆ.

ಅಪ್ಪ

*

ಅಚಾವೊ
4 ಸೆಪ್ಟೆಂಬರ್

ಪ್ರೀತಿಯ ಬೇತೊ,

ಮೊದಲಿಗೆ, ನೀನು ಅಪ್ಪನಿಗೆ ಬರೆದದ್ದು ಗೊತ್ತಾಯಿತು. ಬಸ್ಸಿನಲ್ಲಿ ಪೂರ್ತಿ ದಾರಿ ನಿನ್ನನ್ನು ಬೈಯುತ್ತಾ ಬಂದೆ. ಈಗ ಸಿಟ್ಟಿಲ್ಲ.

ಹೊರಟದ್ದು ಹೇಗೆ ಅಂತ ನಿನಗೆ ಯಾರಾದರೂ ಹೇಳಿದರಾ? ಅಪ್ಪನ ಕಾಗದಕ್ಕೆ, ಈಗ ಆಗುವುದಿಲ್ಲ, ಮುಂದೆ ನೋಡೋಣ ಅಂತ ಉತ್ತರ ಬರೆದು ಅಂಚೆಗೆ ಹಾಕಬೇಕು ಅನ್ನುವಷ್ಟರಲ್ಲಿ ಕ್ಯಾಪ್ಟನ್ ಅಂಗಡಿಗೆ ಬಂದರು. ದಾರದ ಉಂಡೆ ಕೊಳ್ಳುವವರ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ, ನಿನ್ನ ಹೆಲ್ಮೆಟ್ ಕೊಡು ಅಂದರು. ದಳದಿಂದ ತೆಗೆದರು ಅಂದುಕೊಂಡೆ. ಅವರು ದನಿ ತಗ್ಗಿಸಿ, "ನಿನ್ನ ಹೆಸರು ಎಲ್ಲೂ ಹೋಗಲ್ಲ ಮಗು. ನೀನೇ ಹೋಗ್ಬೇಕು, ಸ್ವಲ್ಪ ದಿನ," ಅಂದರು. ಬೆರ್ತಮ್ಮನ ಹತ್ತಿರ ಆಗಲೇ ಮಾತಾಡಿದ್ದರು. ನನ್ನ ಚೀಲ ಅವರೇ ಹೊತ್ತು ಬಸ್ ನಿಲ್ದಾಣದವರೆಗೆ ಬಂದರು. ಸಾರಿನ ಪಾಳಿಗೆ ವಾಲ್ದೊ ಹೆಸರು ಕೊಟ್ಟಿದ್ದಾನಂತೆ. ನಿಮ್ಮನ್ನೆಲ್ಲ ದೇವರೇ ಕಾಪಾಡಬೇಕು.

ಇಲ್ಲಿಗೆ ಬಂದು ಮಲಗಿದವಳು ಮಲಗಿಯೇ ಇದ್ದೆ. ಎದ್ದಾಗಲೆಲ್ಲ ಅತ್ತೆ ಏನಾದರೂ ತಿನ್ನಿಸುತ್ತಿದ್ದಳು, ಮತ್ತೆ ಮಲಗುತ್ತಿದ್ದೆ. ಆಮೇಲೆ ಅಡುಗೆಮನೆಗೆ ಹೋಗಿ, ಏನು ಮಾಡಲಿ ಅಂದೆ. ಏನೂ ಬೇಡ ಅಂದಳು. ಪಾತ್ರೆಗೆ ಕೈ ಹಾಕಿದರೆ ಕೈ ಮೇಲೆ ಒಂದು ಕೊಟ್ಟಳು. ಸುಮ್ಮನೆ ಕೂರುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ ಬೇತೊ. ನೀನು ಆ ಮೂಲೆಯ ಕುರ್ಚಿಯಲ್ಲಿ ಅಷ್ಟು ದಿನ ಹೇಗೆ ಕೂತಿದ್ದೆ? ಕಿಟಕಿಯಲ್ಲಿ ಸಮುದ್ರ ನೋಡುತ್ತಿದ್ದೆ. ಅಪ್ಪ ಒಂದು ಮಾತೂ ಕೇಳಲಿಲ್ಲ. ಕಾಗದದಲ್ಲಿ ಅಷ್ಟು ಸಲ ಕೇಳಿದ ಮನುಷ್ಯ ಎದುರಿಗೆ ಕೂತಾಗ ಹಂದಿಯ ಕಥೆ ಹೇಳುತ್ತಿದ್ದ.

ನಿನ್ನೆ ಬೆಳಿಗ್ಗೆ ದಟ್ಟ ಮಂಜು ಕವಿದಿತ್ತು. ಇಲ್ಲಿ ಜನ ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿಯೊಂದಿದೆ, ಮಂಜಿದ್ದ ದಿನ ದಡಕ್ಕೆ ಬರುವ ಮೊದಲು ಉದ್ದಕ್ಕೆ ಹಾರ್ನ್ ಹಾಕುತ್ತದೆ. ನನಗೆ ಗೊತ್ತಿರಲಿಲ್ಲ, ಅದು ಕೂಗಿದ್ದೇ ಸೈರನ್ ಅಂದುಕೊಂಡೆ. ಹಾಸಿಗೆಯಿಂದ ಹಾರಿ, ಕಣ್ಣು ಬಿಡುವ ಮೊದಲೇ ಬೂಟಿಗೆ ಕೈ ಹಾಕಿ, ಬಾಗಿಲು ಯಾವ ಕಡೆ ಅಂತ ತಿಳಿಯದೆ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಅಪ್ಪ ನಿಂತಿದ್ದ. ಒಂದು ಕಾಲಿಗೆ ಬೂಟು, ಇನ್ನೊಂದು ಬೂಟು ಕೈಯಲ್ಲಿ. ನಾನೂ ಹಾಗೇ ಇದ್ದೆ.

"ದೋಣಿ," ಅಂದ ಅಪ್ಪ.

"ದಿನಾ ಹೀಗೇನಾ?"

"ಮಂಜಿದ್ದ ದಿನ."

ದಳ ಬಿಟ್ಟು, ಊರು ಬಿಟ್ಟು ಇಷ್ಟು ವರ್ಷವಾಗಿದೆ ಬೇತೊ, ಎಪ್ಪತ್ತು ದಾಟಿದ ಮನುಷ್ಯ. ಇಬ್ಬರೂ ಒಬ್ಬರ ಕಾಲನ್ನು ಒಬ್ಬರು ನೋಡಿಕೊಂಡು ನಿಂತೆವು. ನಗು ಬಂತು. ನಗುತ್ತಿದ್ದವಳು ಯಾವಾಗ ಅಳಲು ಶುರುಮಾಡಿದೆನೋ ಗೊತ್ತಾಗಲಿಲ್ಲ. ಅಪ್ಪ ಒಲೆಯ ಹತ್ತಿರ ಎರಡು ಕುರ್ಚಿ ಎಳೆದು, "ಕೂತ್ಕೋ. ಹೇಳು," ಅಂದ.

ಹೇಳಿದೆ. ಅಜ್ಜಿಯ ಕಾಲುಗಳು ಎಷ್ಟು ಹಗುರವಾಗಿದ್ದವು ಅಂತ ಹೇಳಿದೆ. ಒಂದು ಚಪ್ಪಲಿ ಬಿದ್ದುಹೋದದ್ದು, ಅಜ್ಜಿಯನ್ನು ಹೊರಗೆ ಇಳಿಸಿದಮೇಲೆ ಅದನ್ನು ತರಲು ನಾನು ಮತ್ತೆ ಒಳಗೆ ತಿರುಗಿದ್ದು, ನೀನು ನನ್ನ ಕೋಟು ಹಿಡಿದು ಎಳೆದದ್ದು, ಎಲ್ಲ ಹೇಳಿದೆ. ನೀನು ಎಳೆಯದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಇದನ್ನು ನಿನಗೆ ಇಷ್ಟು ದಿನ ಹೇಳಿಯೇ ಇರಲಿಲ್ಲ ಅಲ್ಲವಾ?

ಆಮೇಲೆ ಅಪ್ಪ ಗೋದಾಮಿನ ಬೆಂಕಿಯ ಕಥೆ ಹೇಳಿದ. ಅಮ್ಮನಿಗೆ ಬಿಟ್ಟು ಇನ್ಯಾರಿಗೂ ಹೇಳಿರದ ಕಥೆ. ಅತ್ತೆ ಬಾಗಿಲಲ್ಲಿ ಬಂದು ನಿಂತು, ನಮ್ಮನ್ನು ನೋಡಿ, ಕೆಟಲ್ ಒಲೆಯ ಮೇಲಿಟ್ಟು ಸದ್ದಿಲ್ಲದೆ ವಾಪಸ್ ಹೋದಳು.

ನಾನು ಬರುತ್ತೇನೆ. ಯಾವಾಗ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ನಾನ್ಸಿಗೆ ನನ್ನ ಮುತ್ತು.

ನಿನ್ನೆ ನಾನೂ ಅಪ್ಪನೂ ಮಾತಾಡುತ್ತಲೇ ಇದ್ದೆವು. ಅಷ್ಟರಲ್ಲಿ ದೋಣಿ ಜನರನ್ನು ಹತ್ತಿಸಿಕೊಂಡು ಹೊರಟು, ಮಂಜಿನೊಳಗಿಂದ ಇನ್ನೊಮ್ಮೆ ಕೂಗಿತು. ಇಬ್ಬರೂ ಏಳಲಿಲ್ಲ.

ನಿನ್ನ ಸ್ನೇಹಿತೆ
ಮಾರಿತ್ಸಾ